ಸುತ್ತಿನ ಹನ್ನೆರಡು

ಹೋದ ವರ್ಷ ಆಷಾಢದ ಒಂದು ಮಧ್ಯಾಹ್ನ. ಶಿವಮೊಗ್ಗದ ಗಾಂಧಿ ಬಜಾರಿನ ಒಳಗಲ್ಲಿಯೊಂದರಲ್ಲಿ, ಕಡಿದಾದ ಮರದ ಮೆಟ್ಟಿಲು ಹತ್ತಿ ಹೋಗಬೇಕಾದ ಅಟ್ಟದ ಮೇಲೆ ಶೇಟ್ರು ಕಿಟಕಿಯ ಪಕ್ಕ ಕೂತಿದ್ದರು. ಆಷಾಢದಲ್ಲಿ ಬಂಗಾರ ಮಾಡಿಸುವವರು ಕಡಿಮೆ. ಹಾಗಾಗಿ ಅವರಿಗೂ ಪುರುಸೊತ್ತಿತ್ತು. ಒಂದು ಬಿಳಿ ಕಾಗದವನ್ನು ನಡುವೆ ಮಡಚಿ, ಆ ಮಡಿಕೆಯ ಗೆರೆಯಲ್ಲಿ ಹದಿನಾಲ್ಕು ಪುಟ್ಟ ವಜ್ರಗಳನ್ನು ತಲೆಕೆಳಗಾಗಿ ಸಾಲು ಹಚ್ಚಿದರು. ಸಾಲಿನ ಮಧ್ಯೆ ನನ್ನ ಅಜ್ಜಿಯ ಮೂಗುಬೊಟ್ಟಿನಿಂದ ಬಿಡಿಸಿದ ಕಲ್ಲನ್ನು ಇಟ್ಟರು.

“ಈಗ ನೋಡಿ ಅಕ್ಕ” ಅಂದರು.

ನೋಡಿದೆ. ಅಜ್ಜಿಯ ಕಲ್ಲು ಹಳದಿಯಾಗಿ ಕಂಡಿತು. ಐವತ್ತು ವರ್ಷ ನೋಡಿದ ಕಲ್ಲು ಅದು. ದೇವರ ಮನೆಯ ದೀಪದ ಎದುರು, ಬಚ್ಚಲ ಒಲೆಯ ಬೆಳಕಲ್ಲಿ, ಕೊನೆಗೆ ಆಸ್ಪತ್ರೆಯ ಟ್ಯೂಬ್‌ಲೈಟಿನ ಕೆಳಗೂ ಅಜ್ಜಿಯ ಮೂಗಿನ ಮೇಲೆ ಬೆಳ್ಳಗೆ ಮಿಂಚಿದ್ದು. ಅವತ್ತು ಹೊಸ ಹರಳುಗಳ ನಡುವೆ ಅದು ಬಾಡಿದ ಹಾಗಿತ್ತು. ನನಗೆ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಶೇಟ್ರು ಮಾತ್ರ ತಣ್ಣಗೆ ಹೇಳಿದರು: “ಇದು ಅಜ್ಜಿ ಕಲ್ಲಿನ ತಪ್ಪಲ್ಲ. ಸುತ್ತ ಕೂರಿಸೋದಕ್ಕೆ ನಾವು ತರಿಸಿದ್ದು ತಪ್ಪು.”

ಉಂಗುರದ ಬಗ್ಗೆ ಮಾತಾಡುವಾಗ ಎಲ್ಲರೂ ನಡುವಿನ ಕಲ್ಲಿನ ಬಗ್ಗೆಯೇ ಮಾತಾಡುತ್ತಾರೆ. ಸುತ್ತಲಿನವು ‘ಪುಡಿ ಹರಳು’. ನಾನೂ ಹಾಗೇ ಅಂದುಕೊಂಡಿದ್ದೆ. ಈ ಬರಹ ಆ ಪುಡಿ ಹರಳುಗಳ ಬಗ್ಗೆ. ಹನ್ನೆರಡನ್ನು ಹುಡುಕಿಕೊಳ್ಳಲು ನನಗೆ ಐದು ತಿಂಗಳು ಹಿಡಿಯಿತು, ಅದರಲ್ಲಿ ಒಂದು ದಿನವೂ ದಂಡವಾಯಿತು ಅಂತ ನನಗೆ ಅನ್ನಿಸಿಲ್ಲ.

ಅಜ್ಜಿಯ ಮೂಗುಬೊಟ್ಟು ಅಮ್ಮನಿಗೆ ಬಂದು, ಅಮ್ಮನಿಂದ ನನಗೆ ಬಂದಿತ್ತು. ನನ್ನ ಮಗಳು ಮೂಗು ಚುಚ್ಚಿಸಿಕೊಂಡಿಲ್ಲ, ಚುಚ್ಚಿಸಿಕೊಳ್ಳುವ ಮನಸ್ಸೂ ಅವಳಿಗಿಲ್ಲ. ಪೆಟ್ಟಿಗೆಯಲ್ಲಿ ಇಟ್ಟು ಯಾರಿಗೆ ಉಪಯೋಗ? ಉಂಗುರ ಮಾಡಿಸೋಣ, ಕಲ್ಲಿನ ಸುತ್ತ ಹೂವಿನೆಸಳಿನ ಹಾಗೆ ಹನ್ನೆರಡು ಸಣ್ಣ ವಜ್ರ ಕೂರಿಸೋಣ ಎಂದು ಅಮ್ಮ, ನಾನು, ಮಗಳು ಮೂವರೂ ಕೂತು ತೀರ್ಮಾನಿಸಿದೆವು. ಹಳೆಯ ಕಾಲದ ಮೂಗುಬೊಟ್ಟಲ್ಲವೇ, ಹಿಂಬದಿ ಪೂರ್ತಿ ಮುಚ್ಚಿದ ಕಟ್ಟು. ಶೇಟ್ರು ಅದನ್ನು ಬಿಡಿಸಿದಾಗ ಕಲ್ಲಿನ ಕೆಳಗೆ ಕಪ್ಪಾದ ತೆಳ್ಳನೆಯ ತಗಡೊಂದು ಇತ್ತು. ಕಲ್ಲಿನ ಹೊಳಪಿಗೆ ಆ ತಗಡೂ ಜೊತೆ ಕೊಡುತ್ತಿತ್ತಂತೆ, ಬಣ್ಣವನ್ನೂ ಮರೆಸುತ್ತಿತ್ತಂತೆ. ಬಿಡಿಸಿ ತೂಗಿದಾಗ ಇಪ್ಪತ್ತು ಸೆಂಟ್, ಅಂದರೆ ಕ್ಯಾರೆಟ್ಟಿನ ಐದನೇ ಒಂದು ಭಾಗ. ಅಗಲ ಮೂರೂಮುಕ್ಕಾಲು ಮಿಲಿಮೀಟರ್.

ಅಜ್ಜಿ ಅದನ್ನು ‘ಜಾಗರ್ ಕಲ್ಲು’ ಅನ್ನುತ್ತಿದ್ದಳು. ‘ಬ್ಲೂ ಜಾಗರ್’ ಎಂಬ ಮಾತು ನಮ್ಮ ದಕ್ಷಿಣದ ವಜ್ರದ ಅಂಗಡಿಗಳಲ್ಲಿ ಇವತ್ತಿಗೂ ಇದೆ. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೀನ್ ಗಣಿಯ ಹೆಸರು ಹೀಗೆ ಉಳಿದುಕೊಂಡದ್ದು. ಆ ಗಣಿ 1971ರಲ್ಲಿ ಮುಚ್ಚಿತು. ಅಜ್ಜಿಗೆ ಆಫ್ರಿಕಾ ಎಲ್ಲಿದೆ ಅಂತ ಗೊತ್ತಿರಲಿಲ್ಲ. ತೀರ್ಥಹಳ್ಳಿಯಿಂದಾಚೆ ಅವಳು ಹೋದದ್ದೇ ಕೈಬೆರಳೆಣಿಕೆಯಷ್ಟು ಸಲ. ಆದರೂ ಆ ಗಣಿಯ ಹೆಸರು ಅವಳ ಬಾಯಲ್ಲಿತ್ತು.

ಇಷ್ಟೆಲ್ಲ ನಾನು ಹೇಳಿ ಮುಗಿಸಿದ ಮೇಲೆ ಮಗಳು ಕೇಳಿದಳು: “ಅಮ್ಮ, ನಡುವಿನದು ಮುತ್ತಜ್ಜೀದು. ಸುತ್ತ ಬರೋವು ಯಾರವು?”

ಮೊದಲು ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆವು. ಗಾಜಿನ ಮೇಜಿನಾಚೆಯ ಹುಡುಗ ಒಳ್ಳೆಯವನೇ. ದೊಡ್ಡ ಕಲ್ಲುಗಳಿಗೆಲ್ಲ ಪ್ರಯೋಗಾಲಯದ ಪ್ರಮಾಣಪತ್ರ ತೋರಿಸಿದ. ಸಣ್ಣವಕ್ಕೆ ಕೇಳಿದರೆ, “ಸೈಡ್ ಡೈಮಂಡಿಗೆ ಅದೆಲ್ಲ ಇರಲ್ಲ ಮೇಡಂ, ಯಾರೂ ಕೇಳೋದೂ ಇಲ್ಲ” ಅಂದ. ಅವನು ಸುಳ್ಳು ಹೇಳಲಿಲ್ಲ. ಒಂದು ಸೆಂಟಿನ ವಜ್ರಕ್ಕೆ ಒಂದೊಂದು ಪತ್ರ ಬರೆಸಲು ಹೋದರೆ ಕಲ್ಲಿಗಿಂತ ಪತ್ರವೇ ದುಬಾರಿಯಾಗುತ್ತದೆ. ಈ ಸಣ್ಣವಕ್ಕೆ ವ್ಯಾಪಾರದಲ್ಲಿ ‘ಮೆಲೀ’ ಅನ್ನುತ್ತಾರೆ. ಫ್ರೆಂಚಿನಲ್ಲಿ ಅದು ಬೆರೆತದ್ದು, ಕಲಸಿದ್ದು ಎಂಬ ಅರ್ಥದ ಮಾತು. ಹೆಸರಿಗೆ ತಕ್ಕ ಹಾಗೆ ಅವು ಬರುವುದೂ ಪೊಟ್ಟಣಗಳಲ್ಲಿ, ನೂರಾರು ಒಟ್ಟಿಗೆ, ಕ್ಯಾರೆಟ್ ತೂಕದ ಲೆಕ್ಕದಲ್ಲಿ.

ಎಷ್ಟು ಸಣ್ಣವು ಅಂತ ಹೇಳಬೇಕು. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅದರಲ್ಲಿ ನೂರು ಸೆಂಟ್. ನಮಗೆ ಬೇಕಾಗಿದ್ದ ಹರಳು ಒಂದೊಂದೂ ಒಂದು ಸೆಂಟ್, ಎಂದರೆ ಎರಡು ಮಿಲಿಗ್ರಾಂ. ಅಡ್ಡಳತೆ 1.3 ಮಿಲಿಮೀಟರ್, ಒಂದು ರಾಗಿ ಕಾಳಿನಷ್ಟು. ಹಿಂದೆ ಅಕ್ಕಸಾಲಿಗರು ಗುಲಗಂಜಿಯಲ್ಲಿ ತೂಗುತ್ತಿದ್ದರು. ನಮ್ಮೂರಿನ ಬೇಲಿಯಲ್ಲಿ ಬಿಡುವ, ಕೆಂಪು ಮೈ ಕಪ್ಪು ಚುಕ್ಕೆಯ ಅದೇ ಗುಲಗಂಜಿ. ಅದು ಸುಮಾರು 120 ಮಿಲಿಗ್ರಾಂ ತೂಗುತ್ತದೆ. ನಮ್ಮ ಹನ್ನೆರಡೂ ವಜ್ರ ಸೇರಿದರೆ ಒಂದು ಗುಲಗಂಜಿಯ ಐದನೇ ಒಂದು ಪಾಲು. ಅಷ್ಟು ಸಣ್ಣದರ ಮೇಲೆ 57 ಮುಖ ಕೊರೆದಿರುತ್ತಾರೆ. ಸೂರತ್ತಿನಲ್ಲಿ ಒಬ್ಬ ಮನುಷ್ಯ ಕೂತು, ತಿರುಗುವ ಚಕ್ರಕ್ಕೆ ವಜ್ರದ ಪುಡಿ ಮತ್ತು ಎಣ್ಣೆ ಹಚ್ಚಿ, ಒಂದೊಂದೇ ಮುಖವನ್ನು ಉಜ್ಜಿ ತೆಗೆಯುತ್ತಾನೆ. ಪ್ರಪಂಚದಲ್ಲಿ ಹೊಳಪು ಕಾಣುವ ಹತ್ತು ವಜ್ರಗಳಲ್ಲಿ ಒಂಬತ್ತು ಸೂರತ್ತಿನಲ್ಲೇ ಉಜ್ಜಿಸಿಕೊಂಡಿರುತ್ತವೆ ಎನ್ನುವುದು ಆ ಊರಿನ ಹೆಗ್ಗಳಿಕೆ. ಕಡಿಮೆ ಖರ್ಚಿನ ಸರಳ ಕಟ್ ಕೂಡ ಇದೆ, ಹದಿನೇಳೇ ಮುಖದ್ದು. ಬರಿಗಣ್ಣಿಗೆ ಗೊತ್ತಾಗದಿದ್ದರೂ ಕೈ ಆಡಿಸಿದಾಗ ಮಿಂಚುವ ರೀತಿ ಬೇರೆ. ಒಂದೇ ಉಂಗುರದಲ್ಲಿ ಎರಡು ಬಗೆ ಬೆರೆತರೆ ಬಾಯಲ್ಲಿ ಒಂದು ಹಲ್ಲು ಬಣ್ಣಗೆಟ್ಟ ಹಾಗೆ ಎದ್ದು ಕಾಣುತ್ತದೆ.

ಜರಡಿ ಆಡುವುದನ್ನು ಶೇಟ್ರು ತೋರಿಸಿದಾಗ ನನಗೆ ಅಪ್ಪ ನೆನಪಾದರು. ಬಿಲ್ಲೆಯಂಥ ತೂತಿನ ತಟ್ಟೆಗಳು, ಒಂದೊಂದಕ್ಕೂ ನಂಬರು. ಎರಡನೇ ನಂಬರಿನಲ್ಲಿ ಉದುರಿದ್ದು ‘ಮೈನಸ್ ಎರಡು’. ಅದರ ಮೇಲೆ ನಿಂತು ಆರೂವರೆಯಲ್ಲಿ ಉದುರಿದ್ದು ‘ಸ್ಟಾರ್’. ಅದಕ್ಕೂ ಮೇಲಿನದು, ಹನ್ನೊಂದರವರೆಗಿನದು, ಅಚ್ಚ ‘ಮೆಲೀ’. ನಮ್ಮವು ಎರಡನೇ ತಟ್ಟೆಯ ಆಸುಪಾಸಿನವು. ಅಡಿಕೆಯೂ ಹೀಗೇ ತಾನೆ? ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಮಾಡಿ ಮಂಡಿಗೆ ಹಾಕುವಾಗ, ದೊಡ್ಡದು ಸಣ್ಣದು ಜರಡಿಯಲ್ಲಿ ಬೇರೆಯಾಗುತ್ತಿತ್ತು. ಬಣ್ಣ ಮಾತ್ರ ಕಣ್ಣಿನಲ್ಲೇ ಆಗಬೇಕು. ಅದನ್ನು ಮಾಡುತ್ತಿದ್ದವರು ಹೆಂಗಸರು. ಮಂಡಿಯಲ್ಲಿ ವ್ಯಾಪಾರಿ ಮೂಟೆಯಿಂದ ಒಂದು ಹಿಡಿ ಎತ್ತಿ ನೋಡಿ ಇಡೀ ಮೂಟೆಗೆ ದರ ಕಟ್ಟುತ್ತಿದ್ದ. ವಜ್ರದ ಪೊಟ್ಟಣದ್ದೂ ಅದೇ ನ್ಯಾಯ. ಒಟ್ಟಿಗೆ ಕೊಂಡರೆ ಒಂದು ದರ. ಬೇಕಾದ್ದನ್ನು ಹೆಕ್ಕಿಕೊಂಡರೆ ಉಳಿದ ರಾಶಿಯ ದರ್ಜೆ ಇಳಿಯುತ್ತದಲ್ಲ, ಹಾಗಾಗಿ ಹೆಕ್ಕಿದ್ದಕ್ಕೆ ದರ ಜಾಸ್ತಿ. ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವಳಿಗೆ ಇದನ್ನು ಯಾರೂ ಎರಡನೇ ಸಲ ಹೇಳಬೇಕಾಗಲಿಲ್ಲ.

ಮೊದಲ ಪೊಟ್ಟಣ ತಪ್ಪಿದ್ದು ಬಣ್ಣದಲ್ಲಿ. ವಜ್ರದ ಬಣ್ಣವನ್ನು ‘ಡಿ’ಯಿಂದ ‘ಜೆಡ್’ವರೆಗಿನ ಅಕ್ಷರಗಳಲ್ಲಿ ಅಳೆಯುತ್ತಾರೆ, ‘ಡಿ’ ಎಂದರೆ ಬಣ್ಣವೇ ಇಲ್ಲದ್ದು. ನಾವು ತರಿಸಿದ್ದು ‘ಇ–ಎಫ್’. ನಮ್ಮ ಪೈಕಿ ಹೆಚ್ಚಿನವರ ಹಾಗೆ ನಾನೂ ಒಳ್ಳೆಯದೇ ಇರಲಿ ಎಂದು ಹಟ ಹಿಡಿದು ತರಿಸಿದ್ದೆ. ಅಜ್ಜಿಯ ಕಲ್ಲು ‘ಕೆ’ಯ ಹತ್ತಿರದ್ದು. ಸುತ್ತಿನವು ನಡುವಿನದಕ್ಕಿಂತ ಹೆಚ್ಚೆಂದರೆ ಒಂದೆರಡು ಮೆಟ್ಟಿಲು ಮೇಲಿರಬಹುದು. ಅದಕ್ಕಿಂತ ಬೆಳ್ಳಗಾದರೆ ನಡುವಿನದನ್ನು ಕುಂದಿಸುತ್ತವೆ. ದುಬಾರಿ ಹರಳು ಹಾಕಿ ಉಂಗುರವನ್ನೇ ಕೆಡಿಸಲು ಹೊರಟಿದ್ದೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಯಾರೂ ನಿಮಗೆ ಕಡಿಮೆ ದರ್ಜೆಯದನ್ನು ತೆಗೆದುಕೊಳ್ಳಿ ಅಂತ ಹೇಳುವುದಿಲ್ಲ. ನಿಮ್ಮ ಕಲ್ಲನ್ನು ಬಿಳಿ ಕಾಗದದ ಮಡಿಕೆಯಲ್ಲಿ ತಲೆಕೆಳಗಾಗಿಟ್ಟು, ತರಿಸಿದ ಸಣ್ಣವನ್ನು ಪಕ್ಕಕ್ಕಿಟ್ಟು, ಹಗಲು ಬೆಳಕಿನಲ್ಲಿ ನೋಡಿ. ಅಂಗಡಿಯ ಕೆಳಮುಖದ ದೀಪಗಳಲ್ಲಿ ಎಲ್ಲ ವಜ್ರವೂ ಚಂದವೇ. ಬಣ್ಣಕ್ಕೆ ಮಳೆಗಾಲದ ಬೆಳಕಿಗಿಂತ ಒಳ್ಳೆಯ ಬೆಳಕಿಲ್ಲ ಅನ್ನುತ್ತಾರೆ ಶೇಟ್ರು. ಮೋಡ ಕವಿದ ಆಕಾಶದಿಂದ ಬರುವ, ನೆರಳಿಲ್ಲದ ಬೆಳಕು. ಅದು ನಮ್ಮ ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಸಿಗುತ್ತದೆ.

ಎರಡನೇ ಪೊಟ್ಟಣ ಬೇರೊಬ್ಬ ವ್ಯಾಪಾರಿಯ ಮೂಲಕ ಬಂತು. ‘ಐ–ಜೆ’, ಸ್ವಚ್ಛವಾದವು, ಬಣ್ಣ ಚೆನ್ನಾಗಿ ಕೂಡಿತು. ನನಗೆ ಖುಷಿಯಾಗಿ ಹೋಯಿತು. ಶೇಟ್ರು ಮಾತ್ರ, “ಒಂದು ಸಲ ಬೆಂಗಳೂರಲ್ಲಿ ಪರೀಕ್ಷೆ ಮಾಡಿಸೋಣ ಅಕ್ಕ, ಈಗಿನ ಕಾಲ ನಂಬೋ ಹಾಗಿಲ್ಲ” ಅಂದರು. ಮಾಡಿಸಿದೆವು. ಹದಿನಾಲ್ಕರಲ್ಲಿ ಎರಡು ಕಾರ್ಖಾನೆಯಲ್ಲಿ ಬೆಳೆಸಿದವು.

ಕಾರ್ಖಾನೆಯ ವಜ್ರದ ಬಗ್ಗೆ ನನಗೆ ತಾತ್ಸಾರ ಇಲ್ಲ. ಅದೂ ವಜ್ರವೇ, ಅದೇ ಇಂಗಾಲ, ಅಷ್ಟೇ ಗಟ್ಟಿ. ಭಾರೀ ಒತ್ತಡ ಮತ್ತು ಶಾಖ ಕೊಟ್ಟು ಮಾಡುವ ವಿಧಾನ 1950ರ ದಶಕದಿಂದ ಇದೆ. ಮೀಥೇನ್ ಅನಿಲದಿಂದ ಪದರ ಪದರವಾಗಿ ಬೆಳೆಸುವ ವಿಧಾನವೂ ಇದೆ. ಗೊತ್ತಿದ್ದು ಕೊಂಡರೆ ಅದು ಒಳ್ಳೆಯ ಆಯ್ಕೆ, ಬೆಲೆಯೂ ಬಹಳ ಕಡಿಮೆ. ನನ್ನ ಸಿಟ್ಟು ಹೇಳದೆ ಬೆರೆಸಿದ್ದರ ಮೇಲೆ. ದೊಡ್ಡ ಕಲ್ಲಿನಲ್ಲಿ ಈ ಮೋಸ ಕಷ್ಟ, ಪತ್ರ ಇರುತ್ತದೆ. ಪತ್ರವಿಲ್ಲದ ಸಣ್ಣವುಗಳಲ್ಲಿ ಯಾರು ನೋಡುತ್ತಾರೆ ಎನ್ನುವ ಧೈರ್ಯ. ಅಂಗಡಿಗಳಲ್ಲಿ ಚುಚ್ಚಿ ತೋರಿಸುವ ಪೆನ್ನಿನಂಥ ಯಂತ್ರ ಇದಕ್ಕೆ ಪ್ರಯೋಜನವಿಲ್ಲ. ಅದು ಶಾಖ ಹರಿಯುವುದನ್ನು ನೋಡಿ ವಜ್ರವೋ ಅಮೆರಿಕನ್ ಡೈಮಂಡೋ ಅನ್ನುತ್ತದೆ, ಅಷ್ಟೇ. ಭೂಮಿಯದೋ ಕಾರ್ಖಾನೆಯದೋ ಅನ್ನುವುದಿಲ್ಲ.

ಮತ್ತೆ ಪ್ರಯೋಗಾಲಯಕ್ಕೆ ಹೇಗೆ ಗೊತ್ತಾಗುತ್ತದೆ ಅಂತ ನಾನು ಕೇಳಿ ತಿಳಿದುಕೊಂಡೆ. ಅದನ್ನು ಕೇಳಿದಂದು ರಾತ್ರಿ ನನಗೆ ನಿದ್ದೆ ತಡವಾಗಿ ಬಂತು. ಭೂಮಿಯ ಒಳಗೆ, ನೂರೈವತ್ತು ಕಿಲೋಮೀಟರಿಗೂ ಆಳದಲ್ಲಿ ವಜ್ರ ಬೆಳೆಯುವಾಗ ಇಂಗಾಲದ ಜೊತೆ ಒಂದಿಷ್ಟು ಸಾರಜನಕವೂ ಸಿಕ್ಕಿಕೊಳ್ಳುತ್ತದೆ. ಮೊದಲು ಆ ಪರಮಾಣುಗಳು ಒಂಟೊಂಟಿಯಾಗಿರುತ್ತವೆ. ಕೋಟಿ ಕೋಟಿ ವರ್ಷ ಆ ಬಿಸಿಯಲ್ಲೇ ಇದ್ದಾಗ ಅವು ಮೆಲ್ಲಗೆ ಸರಿದು, ಎರಡು, ಮೂರು, ನಾಲ್ಕು ಒಟ್ಟುಗೂಡುತ್ತವೆ. ನೆಲದಿಂದ ಬಂದ ವಜ್ರಗಳಲ್ಲಿ ಬಹುಪಾಲು ಇಂಥವೇ. ಕೆಲವೇ ವಾರಗಳಲ್ಲಿ ಬೆಳೆಸಿದ ಕಲ್ಲಿಗೆ ಹಾಗೆ ಕೂಡಿಬರುವಷ್ಟು ಕಾಲ ಸಿಕ್ಕಿರುವುದಿಲ್ಲ. ಯಂತ್ರ ಬೆಳಕು ಹಾಯಿಸಿ ಹುಡುಕುವುದು ಈ ಕೂಡಿಕೆಯನ್ನು. ಎರಡು ಮಿಲಿಗ್ರಾಂ ಕಲ್ಲಿನೊಳಗೆ ಅಷ್ಟು ಕಾಲ ದಾಖಲಾಗಿ ಕೂತಿರುತ್ತದೆ.

ಮೂರು ಸಾರಜನಕ ಕೂಡಿದಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಶೇಟ್ರು ಕಿಟಕಿ ಮುಚ್ಚಿ, ಅತಿನೇರಳೆ ಬೆಳಕಿನ ಟಾರ್ಚನ್ನು ಅಜ್ಜಿಯ ಕಲ್ಲಿನ ಮೇಲೆ ಹಿಡಿದರು. ಕತ್ತಲೆಯಲ್ಲಿ ಅದು ನೀಲಿಯಾಗಿ ಹೊತ್ತಿಕೊಂಡಿತು. ಅಚ್ಚ ನೀಲಿ. ನನ್ನ ಪಕ್ಕದಲ್ಲಿ ಅಮ್ಮ ಇದ್ದಳು, “ಅಯ್ಯೋ ದೇವರೇ” ಅಂದವಳು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಕಲ್ಲಿಗೆ ಹಳದಿ ಛಾಯೆ ಕೊಡುವುದೂ, ಈ ನೀಲಿ ಕೊಡುವುದೂ ಅದೇ ಮೂರರ ಗುಂಪು. ಬಿಸಿಲಿನಲ್ಲಿ ಅತಿನೇರಳೆ ಇರುವುದರಿಂದ ನೀಲಿ ಸ್ವಲ್ಪ ಎದ್ದು ಹಳದಿಯನ್ನು ಮರೆಸುತ್ತದೆ. ಅಂಗಳದ ಬಿಸಿಲಲ್ಲಿ ಅಜ್ಜಿಯ ಮೂಗು ಅಷ್ಟು ಬೆಳ್ಳಗೆ ಹೊಳೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಶೇಟ್ರು ಪ್ರಾಮಾಣಿಕರು: “ಒಳ್ಳೆ ಜಾಗರ್ ಅಂದ್ರೆ ಇದಕ್ಕಿಂತ ಬಿಳಿ ಇರ್ಬೇಕು. ಆದ್ರೆ ನೀಲಿ ಇರೋದು ಖರೆ. ಅಜ್ಜಿ ಪೂರ್ತಿ ತಪ್ಪು ಹೇಳಿಲ್ಲ.”

ಇನ್ನೊಂದು ದಾರಿಯೂ ಇತ್ತು. ಹಳೆಯ ಬೇಸರಿ, ಬೆಂಡೋಲೆ ಒಡೆಸಿದಾಗ ಸಿಗುವ ಕಲ್ಲುಗಳು. ಶೇಟ್ರ ಬಳಿ ಒಂದು ಡಬ್ಬಿಯಲ್ಲಿ ಇದ್ದವು. ಬಣ್ಣ ಅಜ್ಜಿಯ ಕಲ್ಲಿಗೆ ಅಣ್ಣತಮ್ಮನ ಹಾಗೆ ಕೂಡುತ್ತಿತ್ತು. ನಾನು ಅದನ್ನೇ ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡುಬಿಟ್ಟಿದ್ದೆ. ಆದರೆ ಅಳತೆಗೆ ಹೊಂದಿದ್ದು ಏಳೇ, ಅದರಲ್ಲೂ ಎರಡರ ಅಂಚು ಮುಕ್ಕಾಗಿತ್ತು. ಅಮ್ಮನಿಗಂತೂ ಸುತರಾಂ ಒಪ್ಪಿಗೆಯಾಗಲಿಲ್ಲ. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ, ಬೇರೆಯವರು ಮಾರಿಕೊಂಡದ್ದಂತೂ ಬೇಡವೇ ಬೇಡ ಅನ್ನುವುದು ಅವಳ ಮಾತು. ಆಗಿಬರುವುದು, ಬಾರದಿರುವುದು ನಾನು ನಂಬುವ ವಿಷಯವಲ್ಲ. ಮಗಳು ಮಾತ್ರ ಬೇರೆಯೇ ಕಾರಣ ಹೇಳಿದಳು: “ಯಾರದೋ ಆಸ್ಪತ್ರೆ ಖರ್ಚಿಗೆ ಒಡೆಸಿದ್ದಿರ್ಬಹುದಲ್ಲ ಅಮ್ಮ.” ಡಬ್ಬಿ ಮುಚ್ಚಿಸಿದೆ.

ಹಾಗಾದರೆ ಹೊಸದರಲ್ಲಿ ‘ಯಾರವು’ ಅಂತ ಎಷ್ಟು ಗೊತ್ತಾಗುತ್ತದೆ? ಬಹಳ ಗೊತ್ತಾಗುವುದಿಲ್ಲ ಅಂತ ಮಗಳಿಗೆ ನಾನು ನೇರವಾಗಿ ಹೇಳಿದೆ. ಯುದ್ಧಕ್ಕೆ ಹಣ ಒದಗಿಸುವ ವಜ್ರಗಳನ್ನು ತಡೆಯಲು 2003ರಿಂದ ಕಿಂಬರ್ಲಿ ಪ್ರಕ್ರಿಯೆ ಎಂಬ ವ್ಯವಸ್ಥೆ ಇದೆ. ಆದರೆ ಅದರ ಪತ್ರ ಹೋಗುವುದು ಒರಟು ಕಲ್ಲಿನ ಜೊತೆ. ಹೊಳಪು ಕೊಟ್ಟ ಮೇಲೆ ಉಳಿಯುವುದು ಬಿಲ್ಲಿನ ಮೇಲಿನ ಒಂದು ಭರವಸೆಯ ಸಾಲು. ಉಕ್ರೇನ್ ಯುದ್ಧದ ನಂತರ ಜಿ–7 ದೇಶಗಳು ರಷ್ಯಾದ ವಜ್ರಕ್ಕೆ ನಿರ್ಬಂಧ ಹಾಕಿದವು. ಬೇರೆ ದೇಶದಲ್ಲಿ ಉಜ್ಜಿದ ರಷ್ಯಾದ ಕಲ್ಲಿಗೆ ಅದು 2024ರ ಮಾರ್ಚಿನಿಂದ ಒಂದು ಕ್ಯಾರೆಟ್ ಮೇಲ್ಪಟ್ಟದ್ದಕ್ಕೆ, ಸೆಪ್ಟೆಂಬರಿನಿಂದ ಅರ್ಧ ಕ್ಯಾರೆಟ್ ಮೇಲ್ಪಟ್ಟದ್ದಕ್ಕೆ ಅನ್ವಯಿಸಿತು. ಅಲ್ಲೂ ಸಣ್ಣವು ಆ ಗೆರೆಯ ಕೆಳಗೇ ಉಳಿದವು. ಬೇರೆ ಬೇರೆ ದೇಶದ ಒರಟು ಕಲ್ಲು ಸೂರತ್ತಿನ ಒಂದೇ ಮೇಜಿನ ಮೇಲೆ ಬೆರೆತು, ಜರಡಿಯಲ್ಲಿ ಮತ್ತೆ ಬೆರೆತು, ಪೊಟ್ಟಣದಲ್ಲಿ ಇನ್ನೊಮ್ಮೆ ಬೆರೆಯುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಆರ್ಗೈಲ್ ಗಣಿಯಿಂದ ಸಣ್ಣ, ಕಂದು ಛಾಯೆಯ ಕಲ್ಲುಗಳು ರಾಶಿ ರಾಶಿಯಾಗಿ ಬರುತ್ತಿದ್ದ ಕಾಲದಲ್ಲೇ ಸೂರತ್ತಿನ ಕೈಗಳು ಈ ಸಣ್ಣ ಕೆಲಸದಲ್ಲಿ ಪಳಗಿದವು. ಆ ಗಣಿಯೂ 2020ರ ನವೆಂಬರಿನಲ್ಲಿ ಮುಚ್ಚಿತು.

ಮಗಳು ಎಲ್ಲ ಕೇಳಿಸಿಕೊಂಡು ಅಂದಳು: “ಗಣಿ ಯಾವುದು ಅಂತ ಗೊತ್ತಾಗದಿದ್ರೆ ಬಿಡು. ಉಜ್ಜಿದವರು ಎಲ್ಲಿಯವರು, ಪರೀಕ್ಷೆ ಆಗಿದೆಯಾ, ಅಷ್ಟಾದ್ರೂ ಬರವಣಿಗೆಯಲ್ಲಿ ಕೊಡೋರ ಹತ್ರ ತಗೋ.” ಮೂರನೆಯವರು ಹಾಗೆ ಕೊಟ್ಟರು. ಸೂರತ್ತಿನ ಒಂದೇ ಕಾರ್ಖಾನೆಯಲ್ಲಿ ಉಜ್ಜಿದವು, ಪೊಟ್ಟಣ ಪೂರ್ತಿ ಪರೀಕ್ಷೆಯಾದದ್ದು ಅಂತ ಬರೆದು, ಸಹಿ ಹಾಕಿ. ಶೇಟ್ರು ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದು ಅರವತ್ತು ಚಿಲ್ಲರೆ ಹರಳುಗಳಿಂದ ಹದಿನಾಲ್ಕನ್ನು ಹೆಕ್ಕಿದರು. ಅವರು ತಳ್ಳಿದ್ದರಲ್ಲಿ ಕಪ್ಪು ಚುಕ್ಕೆಯವಕ್ಕಿಂತ ಹಾಲು ಬೆರೆಸಿದಂತೆ ಮಸುಕಾದವೇ ಹೆಚ್ಚು. ಇಷ್ಟು ಸಣ್ಣದರಲ್ಲಿ ಒಂದು ಚುಕ್ಕೆ ಕಣ್ಣಿಗೆ ಕಾಣುವುದಿಲ್ಲ, ಮಸುಕು ಕಾಣುತ್ತದೆ. ಅಳತೆಯ ಕಡ್ಡಿಯಲ್ಲಿ ಹದಿನಾಲ್ಕೂ 1.28ರಿಂದ 1.32ರೊಳಗೆ ಬಂದವು. ಹನ್ನೆರಡು ಬೇಕಾದಾಗ ಹದಿನಾಲ್ಕು ಕೊಳ್ಳಬೇಕು. ಕೂರಿಸುವಾಗ ಒಂದು ಒಡೆಯಬಹುದು, ಒಂದು ಚಿಮ್ಮಿ ಹೋಗಬಹುದು.

ಕಲ್ಲು ಮೊದಲು, ಚಿನ್ನ ಆಮೇಲೆ. ಇದೂ ನಾನು ತಿರುವುಮುರುವಾಗಿ ತಿಳಿದಿದ್ದೆ. ಉಂಗುರದ ಮೈ ಎರಕ ಹೊಯ್ಯುವ ಮುಂಚೆಯೇ ಹರಳುಗಳು ಕೈಯಲ್ಲಿರಬೇಕು, ಅವುಗಳ ಅಳತೆಗೆ ಗುಳಿ ಮಾಡಬೇಕು. ಮೊದಲು ಉಂಗುರ ಮಾಡಿ ಆಮೇಲೆ ಕಲ್ಲು ಹುಡುಕಿದರೆ ಗುಳಿಗೆ ತಕ್ಕದ್ದು ಸಿಗುವವರೆಗೆ ಯಾವುದಾದರೂ ಸರಿ ಎನ್ನುವ ಸ್ಥಿತಿ ಬರುತ್ತದೆ. ಅಮ್ಮನಿಗೆ 22 ಕ್ಯಾರೆಟ್ಟೇ ಆಗಬೇಕು ಅಂತ ಆಸೆಯಿತ್ತು. ಹರಳನ್ನು ಹಿಡಿಯುವ ಹಲ್ಲುಗಳು ಅಷ್ಟು ಮೆತ್ತನೆಯ ಚಿನ್ನದಲ್ಲಿ ಬೇಗ ಸವೆಯುತ್ತವೆ, ದಿನಾ ಹಾಕಿಕೊಳ್ಳುವ ಕೈಗೆ ಬೇಡ ಎಂದು ಶೇಟ್ರು 18 ಕ್ಯಾರೆಟ್ಟಿನ ಹಳದಿ ಚಿನ್ನಕ್ಕೆ ಒಪ್ಪಿಸಿದರು. ಒಳಗೆ 18ಕೆ750 ಮುದ್ರೆ, ಆರಕ್ಷರದ ಹಾಲ್‌ಮಾರ್ಕ್ ಸಂಖ್ಯೆ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ ಬೇರೆ, ಹರಳಿನ ತೂಕ ಬೇರೆ. ಹನ್ನೆರಡು ಹರಳಿಗೆ ಬರೆದದ್ದು 0.12 ಕ್ಯಾರೆಟ್. ಆ ಸಾಲನ್ನು ನಾನು ಎರಡು ಸಲ ಓದಿದೆ.

ಹರಳು ಕೂರಿಸಿದ್ದು ಶೇಟ್ರ ತಮ್ಮ. ಒಂದೊಂದೇ ಹರಳನ್ನು ಮೇಣದ ಕಡ್ಡಿಯ ತುದಿಯಲ್ಲಿ ಎತ್ತಿ, ಗುಳಿಯಲ್ಲಿ ಇಳಿಸಿ, ಹಲ್ಲನ್ನು ಮಡಚಿ ಒತ್ತುವಾಗ ಅವರು ಉಸಿರು ಹಿಡಿಯುತ್ತಿದ್ದರು. ಮಾತಾಡಿಸಬೇಡಿ ಅಂತ ಮೊದಲೇ ಹೇಳಿದ್ದರು. ಎರಡು ಮಧ್ಯಾಹ್ನ ಹಿಡಿಯಿತು. ಒಂದೂ ಒಡೆಯಲಿಲ್ಲ. ಉಳಿದ ಎರಡನ್ನು ಕಾಗದದಲ್ಲಿ ಮಡಚಿ, ಮೇಲೆ ಪೆನ್ಸಿಲಿನಲ್ಲಿ ‘1.30, 2 ನಗ’ ಎಂದು ಬರೆದು ನನ್ನ ಕೈಗೆ ಕೊಟ್ಟರು. ಅದನ್ನು ಅಜ್ಜಿಯ ಕುಂಕುಮದ ಭರಣಿಯಲ್ಲಿ ಇಟ್ಟೆ.

ತೊಳೆಯುವುದು ಮಾತ್ರ ಅಜ್ಜಿ ಮಾಡುತ್ತಿದ್ದ ಹಾಗೆ, ಅಂಟವಾಳದ ನೊರೆಯಲ್ಲಿ. ವಜ್ರಕ್ಕೆ ನೀರಿಗಿಂತ ಜಿಡ್ಡಿನ ನಂಟು ಜಾಸ್ತಿ. ಗಣಿಗಳಲ್ಲಿ ಗ್ರೀಸ್ ಬಳಿದ ಮೇಜಿನ ಮೇಲೆ ಜಲ್ಲಿ ಮತ್ತು ನೀರು ಹರಿಸಿ, ಅಂಟಿಕೊಂಡ ವಜ್ರಗಳನ್ನು ಹೆಕ್ಕುತ್ತಿದ್ದರಂತೆ. ಅಡಿಗೆ ಮನೆಯ ಜಿಡ್ಡು ಈ ಸಣ್ಣ ಹರಳುಗಳ ಹಿಂದೆ ಕೂತರೆ ಒಂದೇ ತಿಂಗಳಲ್ಲಿ ಮಂಕಾಗುತ್ತವೆ.

ಈ ವರ್ಷ ಯುಗಾದಿಗೆ ಮಗಳು ಬಂದಾಗ ಉಂಗುರದಲ್ಲಿ ಒಂದು ಹರಳು ಇರಲಿಲ್ಲ. ಬಸ್ಸಿನ ಬಾಗಿಲ ಹಿಡಿಗೆ ತಗುಲಿ ಹಲ್ಲು ಎದ್ದಿತ್ತು. ಅವಳಿಗೆ ಅಳುವೇ ಬಂದಿತ್ತು. ಭರಣಿ ತೆಗೆದು, ಪೊಟ್ಟಣ ಹಿಡಿದು ಇಬ್ಬರೂ ಗಾಂಧಿ ಬಜಾರಿಗೆ ಹೋದೆವು. ಶೇಟ್ರ ತಮ್ಮ ಅರ್ಧ ಗಂಟೆಯಲ್ಲಿ ಕೂರಿಸಿ ಕೊಟ್ಟರು. ಮೆಟ್ಟಿಲಿಳಿದು ಬಿಸಿಲಿಗೆ ಬಂದು ಮಗಳು ಕೈ ಚಾಚಿದಳು, ಯಾವುದು ಹೊಸದು ಹೇಳು ಅಂದಳು. ನಾನು ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ. ನನಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಾಗಲಿಲ್ಲ. ಮನೆಗೆ ಬಂದು ಪೊಟ್ಟಣದ ಮೇಲಿನ ‘2’ನ್ನು ಹೊಡೆದು ಹಾಕಿ ‘1’ ಎಂದು ಬರೆದೆ.